ಐದನೇ ಮಹಡಿಗೆ ಒಂದು ಅಳುವ ಮುಖ

ಕತಾರಿನ ಕಟ್ಟಡದ ಸೈಟುಗಳಲ್ಲಿ ಸೇಫ್ಟಿ ಆಫೀಸರನಾಗಿರುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಕ್ಕ ಮೇಲೆ ಊಟ ಸೇರುವುದಿಲ್ಲ, ಅಷ್ಟೇ.

ವರ್ಷಕ್ಕೊಮ್ಮೆ ನಾನು ಫಾರ್ಮುಗಳ ಕಟ್ಟು ಹಿಡಿದು, ಕೆಲಸಗಾರರಿಗೆ ಇಲ್ಲಿ ಎಷ್ಟು ಸುರಕ್ಷಿತ ಅನ್ನಿಸುತ್ತದೆ ಎಂದು ಅಳೆಯಬೇಕು. ಓದಲು ಬಾರದವರಿಗಾಗಿ ಪ್ರತಿ ಪ್ರಶ್ನೆಯ ಮುಂದೆ ಐದು ಮುಖಗಳಿರುತ್ತವೆ. ಮೊದಲನೆಯದು ಅಳುತ್ತದೆ, ಕೊನೆಯದು ಹಲ್ಲು ಕಿರಿಯುತ್ತದೆ.

ಈ ಸಲ ನನಗೆ ಬೇಕಾಗಿದ್ದದ್ದು ಒಂದೇ ಒಂದು ಅಳುವ ಮುಖ. ಐದನೇ ಮಹಡಿಯ ಅಂಚಿಗೆ ರೇಲಿಂಗ್ ಇರಲಿಲ್ಲ. ಮೂರು ಸಲ ಬರೆದುಕೊಟ್ಟಿದ್ದೆ. "ಕೆಲಸ ಮಾಡುವವರೇ ಸುಮ್ಮನಿದ್ದಾರೆ, ನಿಮಗೇನ್ರೀ ಅವಸರ?" ಎಂದಿದ್ದರು ಮ್ಯಾನೇಜರ್.

ಸ್ವಂತ ಅಭಿಪ್ರಾಯ

ಬೆಳಗ್ಗಿನ ಮೀಟಿಂಗಿನಲ್ಲಿ ಫಾರ್ಮು ಹಂಚಿದೆ. ಫೋರ್‌ಮ್ಯಾನ್ ಕೈ ತಟ್ಟಿ ಕೂಗಿದ: "ಯಲ್ಲಾ, ಬೇಗ ಬೇಗ! ಎಲ್ಲರೂ ಕೊನೇ ಮುಖಕ್ಕೆ ಟಿಕ್ ಹಾಕಿ, ಖಲಾಸ್!"

ನನಗೆ ರೇಗಿತು. "ಇದು ಅವರವರ ಸ್ವಂತ ಅಭಿಪ್ರಾಯ ಕಣಯ್ಯಾ. ಯೋಚನೆ ಮಾಡಿ ಹಾಕಬೇಕು."

"ಎಲ್ಲರೂ ಯೋಚನೆ ಮಾಡುತ್ತಾ ಕೂತರೆ ಕಾಂಕ್ರೀಟ್ ಗಟ್ಟಿಯಾಗುತ್ತದೆ ಸರ್. ಅದಕ್ಕೇ ಎಲ್ಲರ ಪರವಾಗಿ ನಾನೊಬ್ಬನೇ ಯೋಚನೆ ಮಾಡಿದೆ."

ಹೆದರಿಕೆ

ಆ ಫಾರ್ಮುಗಳನ್ನು ಹರಿದು ಹಾಕಿ, ಸ್ಟೋರಿನ ಕಂಟೇನರಿನಲ್ಲಿ ಕುಳಿತು ಒಬ್ಬೊಬ್ಬರನ್ನೇ ಕರೆದೆ. ಹೆಸರು ಬರೆಯುವುದಿಲ್ಲ ಎಂದು ಆಣೆ ಮಾಡಿದೆ. ಕಬ್ಬಿಣ ಕಟ್ಟುವವನೊಬ್ಬ ಬಂದು ಕುಳಿತ.

"ಅಪಾಯ ಕಂಡರೆ ಮೇಲಿನವರಿಗೆ ಹೆದರದೆ ಹೇಳುತ್ತೀಯಾ?" ಎಂದು ಓದಿದೆ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೆದರುವುದಿಲ್ಲ ಅಂತಲೇ ಹಾಕಿ ಸರ್."

"ನಿಜ ಹೇಳಪ್ಪಾ."

"ನಿಜ ಹೇಳಲಿಕ್ಕೆ ಹೆದರಿಕೆಯಾಗುತ್ತದೆ ಸರ್."

ಕೊನೆಯ ಫಾರ್ಮು

ನಮ್ಮ ಕಾರ್ಕಳದ ಕಡೆಯ ಬಡಗಿಯೊಬ್ಬರಿದ್ದರು. ಐದನೇ ಮಹಡಿಯಲ್ಲಿ ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವವರು, ವಾಸ ಬರ್ವಾ ಅಲ್ ಬರಾಹಾದ ಲೇಬರ್ ಕ್ಯಾಂಪಿನಲ್ಲಿ. ರಜೆಯ ಶುಕ್ರವಾರ ನಜ್ಮಾ ಬಡಾವಣೆಯ ಕೆಫೆಟೇರಿಯಾದಲ್ಲಿ ಸಿಕ್ಕವರು ಚಹಾ ಹೀರುತ್ತಾ ಹೇಳಿದರು: "ಆ ಅಂಚಿಗೆ ಹೋದ್ರೆ ಕಾಲು ನಡುಗ್ತದೆ ಮಾರಾಯ್ರೆ."

"ಅದನ್ನೇ ಫಾರ್ಮಿನಲ್ಲಿ ಹಾಕಿ ಮಾರಾಯ್ರೆ!"

"ನಾಳೆ ಹಾಕ್ತೇನೆ. ಅಳುವ ಮುಖಕ್ಕೇ ಹಾಕ್ತೇನೆ, ದೇವರಾಣೆ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅವರ ಚಹಾದ ದುಡ್ಡೂ ನಾನೇ ಕೊಟ್ಟೆ. ಮರುದಿನ ಅವರ ಸರದಿ ಊಟದ ನಂತರ ಇತ್ತು. ಅವರು ಊಟಕ್ಕೆ ಮುಂಚೆಯೇ ಬಿದ್ದರು. ನಾಲ್ಕನೇ ಮಹಡಿಗೆ ಹೊರಗಿನಿಂದ ಕಟ್ಟಿದ್ದ ಕೆಲಸದ ಅಟ್ಟ ತಡೆದದ್ದರಿಂದ ಜೀವ ಉಳಿಯಿತು. ಬಲಗೈ ಮುರಿಯಿತು, ಎರಡು ಪಕ್ಕೆಲುಬೂ ಹೋದವು. ಸರದಿಯ ಪಟ್ಟಿ ಮಾಡಿದವನು ನಾನೇ. ಅವರನ್ನು ಬೆಳಗ್ಗೆಯೇ ಕರೆದು ಕೂರಿಸಬಹುದಿತ್ತು ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಮೂರನೇ ದಿನ ಮ್ಯಾನೇಜರ್ ಫೋನ್ ಮಾಡಿದರು. ರೇಲಿಂಗಿನ ವಿಷಯ ಇರಬೇಕೆಂದುಕೊಂಡೆ. "ಒಂದು ಫಾರ್ಮ್ ಕಡಿಮೆ ಇದೆ. ನೂರಕ್ಕೆ ನೂರು ಆಗ್ಬೇಕು. ಆಸ್ಪತ್ರೆಗೆ ಹೋಗಿ ತುಂಬಿಸ್ಕೊಂಡು ಬನ್ನಿ" ಎಂದರು.

ನಾಚಿಕೆ ಬಿಟ್ಟು ಹೋದೆ. ಬಡಗಿ ಮಲಗಿದ್ದರು, ಬಲಗೈಗೆ ಪ್ಲಾಸ್ಟರ್. ಬರೆಯಲು ನಾನೇ ಕುಳಿತೆ. ಕೊನೆಗೆ ರೇಲಿಂಗಿನ ಪ್ರಶ್ನೆಯೂ ಬಂತು. ಹೇಗೋ ಓದಿದೆ: "ನೀವಿರುವ ಜಾಗದಲ್ಲಿ, ಬೀಳದಂತೆ ರೇಲಿಂಗ್ ಇದೆಯೇ?"

ಅವರು ಎಡಗೈ ಚಾಚಿ ಮಂಚದ ಪಕ್ಕದ ಸ್ಟೀಲ್ ಕಂಬಿಯನ್ನು ಎರಡು ಸಲ ತಟ್ಟಿದರು.

"ಹಲ್ಲು ಕಿರಿಯುವ ಮುಖಕ್ಕೇ ಹಾಕಿ ಮಾರಾಯ್ರೆ. ಈಗ ಎರಡೂ ಬದಿಗೆ ಉಂಟು."