ನ್ಯಾಲ್ಕಲ್ ರಸ್ತೆಯಲ್ಲಿ ನಾನು ಸತ್ತದ್ದು

ಕೆಲವರ ಮುಖ ಮದುವೆ ಮನೆಗೆ ಹೊಂದುತ್ತದೆ, ಕೆಲವರದು ಚುನಾವಣೆಯ ಪೋಸ್ಟರಿಗೆ. ನನ್ನದು ಸಂತಾಪ ಸಭೆಗೆ. ತೆಲಂಗಾಣದ ಗಡಿಯ ಜಹೀರಾಬಾದಿನ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತು ನಾನು ಕಂಡುಕೊಂಡ ಸತ್ಯ ಇದು. ಪುಸ್ತಕ ಕೇಳಲು ಬಂದವರು ಪುಸ್ತಕದ ಹೆಸರು ಹೇಳುವ ಮೊದಲು "ಯಾಕ್ರಿ ಸರ್, ಆರಾಮಿಲ್ಲೇನು?" ಎಂದು ಕೇಳುತ್ತಾರೆ. ನಮ್ಮ ಸಿಬ್ಬಂದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮಾತಾಡಿಸಲು ಹೋಗುವ ಗುಂಪಿನಲ್ಲಿ ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ನಾನು ಬಾಯಿ ಬಿಡಬೇಕಾಗಿಲ್ಲ, ಕೆಲಸ ಆಗಿರುತ್ತದೆ. ಒಮ್ಮೆ ತಾಂಡೂರಿನಲ್ಲಿ ನೆಂಟರ ಮದುವೆ. ಮಂಟಪದ ಬಾಗಿಲಲ್ಲಿ ನಿಂತು, ನನ್ನ ಮಟ್ಟಿಗೆ ನಗುನಗುತ್ತಲೇ ಬಂದವರನ್ನು ಸ್ವಾಗತಿಸುತ್ತಿದ್ದೆ. ಹಿರಿಯರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡು, "ಧೈರ್ಯ ತಗೋರಿ, ಎಲ್ಲಾ ಶಿವನ ಇಚ್ಛಾ" ಎಂದು ಹೇಳಿ ಊಟಕ್ಕೆ ಹೋದರು.

ಇಂಥ ಮುಖದವನಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿದ್ದು ಕಳೆದ ವರ್ಷ. ಮಾಧ್ಯಮ ವಿಷಯ ಕಲಿಸುವ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ಅವರ ವಿದ್ಯಾರ್ಥಿಗಳು ಒಂದು ಥ್ರಿಲ್ಲರ್ ಚಿತ್ರದ ಆರಂಭದ ಮೂರು ನಿಮಿಷಗಳನ್ನು ಮಾಡಿ ಒಪ್ಪಿಸಬೇಕಿತ್ತು. ಆರಂಭ ಮಾತ್ರ. ಯಾರು ಸತ್ತರು ಎಂದು ತೋರಿಸಿದರೆ ಸಾಕು, ಯಾರು ಕೊಂದರು ಎಂದು ಯಾರೂ ಕೇಳುವುದಿಲ್ಲ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಲೈಬ್ರರಿಯಾಗ ನಿಮಗರ ಏನು ಕೆಲಸ ಇರ್ತದ, ಈ ಹುಡುಗ್ಯಾರಿಗಿ ಜರಾ ದಾರಿ ತೋರಸ್ರಿ" ಎಂದು ಇಬ್ಬರನ್ನು ನನಗೆ ಒಪ್ಪಿಸಿದರು. ಒಬ್ಬಳು ರೇಣುಕಾ. ನ್ಯಾಲ್ಕಲ್ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆ, ಅವಳೇ ನಿರ್ದೇಶಕಿ. ಇನ್ನೊಬ್ಬಳು ಶಬಾನಾ. ಊರಿನವಳೇ, ಅವಳದು ಕ್ಯಾಮೆರಾ, ಅಂದರೆ ಮೊಬೈಲು. ಕ್ಲಾಸಿನಲ್ಲಿ ತೆಲುಗು, ಆಫೀಸಿನಲ್ಲಿ ಉರ್ದು ನಡೆಯುವ ನಮ್ಮ ಕಾಲೇಜಿನಲ್ಲಿ ಈ ಇಬ್ಬರೂ ನನ್ನ ಹತ್ತಿರ ಬಂದು ಕನ್ನಡದಲ್ಲಿ ಜಗಳವಾಡುತ್ತಿದ್ದರು.

ಥ್ರಿಲ್ಲರ್ ಎಂದರೆ ಕತ್ತಲು ಬೇಕು ಎಂದು ಶಬಾನಾ ಹಟ ಹಿಡಿದಳು. ಆದರೆ ರೇಣುಕಾಳ ಊರಿಗೆ ಹೋಗುವ ಜೀಪು ನಾಲ್ಕೂವರೆಗೇ ಹೊರಡುತ್ತಿತ್ತು; ಹಾಗಾಗಿ ಕತ್ತಲನ್ನು ಕೈಬಿಟ್ಟೆವು. ಚಾಕು ಬೇಕು ಎಂದಾಯಿತು. ಈಳಿಗೆಮಣೆ ಬಿಟ್ಟು ಬೇರೆ ಏನನ್ನೂ ಮನೆಯಿಂದ ಹೊರಗೆ ಕೊಡುವುದಿಲ್ಲ ಎಂದು ಶಬಾನಾಳ ತಾಯಿ ಹೇಳಿ ಕಳಿಸಿದರು. ಈಳಿಗೆಮಣೆ ಹಿಡಿದು ಓಡಾಡುವ ಕೊಲೆಗಾರನನ್ನು ಕಲ್ಪಿಸಿಕೊಂಡು ಒಂದು ಮಧ್ಯಾಹ್ನ ಕಳೆದೆವು. ನಾನೂ ಒಂದು ಸಲಹೆ ಕೊಟ್ಟೆ. ಹಳೆಯ ಲೈಬ್ರರಿ, ಹಳೆಯ ಪುಸ್ತಕ, ಅದರೊಳಗಿಂದ ಒಂದು ಕಾಗದ ಮೆಲ್ಲಗೆ ಜಾರಿ ನೆಲಕ್ಕೆ ಬೀಳುತ್ತದೆ. ಇಬ್ಬರೂ ಗೌರವದಿಂದ ತಲೆಯಾಡಿಸಿದರು. ಆಮೇಲೆ ರೇಣುಕಾ, "ಸರ್, ಕಾಗದ ಬಿದ್ರ ಯಾರು ಅಂಜ್ತಾರ್ರಿ? ಎತ್ತಿ ಇಡ್ತಾರ, ಅಷ್ಟೇ" ಎಂದಳು.

ಮರುದಿನ ಅವಳೇ ಒಂದು ಯೋಚನೆ ತಂದಳು. "ಸರ್, ಕುರಿ ಹಿಂಡು ರೋಡಿನಾಗ ಬರ್ತದ್ರಿ. ಬರ್ತಾ ಬರ್ತಾ ನಡುವ ಎರಡು ಭಾಗ ಆಗ್ತದ. ಯಾಕ ಅಂತ ಕಾಣಲ್ಲ. ಕುರಿ ಎಲ್ಲಾ ದಾಟಿ ಹೋದ ಮ್ಯಾಲ ನೋಡ್ರಿ, ರೋಡಿನಾಗ ಒಬ್ಬ ಮನುಷ್ಯಾ ಬಿದ್ದಾನ. ಕುರಿ ಮನುಷ್ಯಾನ್ನ ತುಳಿಯಲ್ಲರಿ, ಬಾಜೂಲಿಂದ ಹೋಗ್ತಾವ." ಇಪ್ಪತ್ತೆರಡು ವರ್ಷ ಪುಸ್ತಕಗಳ ನಡುವೆ ಕುಳಿತ ನನಗೆ ಹೊಳೆಯದ್ದು ಇಪ್ಪತ್ತು ವರ್ಷ ಕುರಿಗಳ ನಡುವೆ ಬೆಳೆದವಳಿಗೆ ಹೊಳೆದಿತ್ತು. ಬಿದ್ದಿರುವ ಮನುಷ್ಯ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರೂ ನನ್ನ ಕಡೆ ನೋಡಿದರು. "ನಿಮಗ ಮೇಕಪ್ ಭೀ ಬೇಕಾಗಲ್ರಿ ಸರ್" ಎಂದು ಶಬಾನಾ ಬಹಳ ವಿನಯದಿಂದ ಹೇಳಿದಳು.

ಲೈಬ್ರರಿಯ ಹಳೆಯ ಕಾರ್ಡುಗಳ ಬೆನ್ನ ಮೇಲೆ ಹನ್ನೆರಡು ಚೌಕ ಬರೆದು ದೃಶ್ಯಗಳನ್ನು ಯೋಜಿಸಿದೆವು. ಕುರಿಗಳು ಮೋಡದಂತೆ ಬಂದವು, ನಾನು ಒಂದು ಅಡ್ಡಗೆರೆಯಾದೆ. ಎಂಟನೇ ಚೌಕದಲ್ಲಿ ಕಾಲೇಜಿಗೆ ಹೊರಟ ಹುಡುಗಿ, ಅಂದರೆ ರೇಣುಕಾಳೇ, ಹೆಣದ ಕೊರಳಲ್ಲಿದ್ದ ಗುರುತಿನ ಕಾರ್ಡು ತಿರುಗಿಸಿ ನೋಡುತ್ತಾಳೆ. ಒಂಬತ್ತರಲ್ಲಿ ಕಾರ್ಡಿನ ಹಿಂದಿರುವ 'ತುರ್ತು ಸಂದರ್ಭದಲ್ಲಿ ತಿಳಿಸಬೇಕಾದ' ನಂಬರಿಗೆ ಫೋನ್ ಮಾಡುತ್ತಾಳೆ. ಹತ್ತರಲ್ಲಿ ಆ ಕಡೆಯವರು ಮಾತು ಮುಗಿಸುವ ಮೊದಲೇ ಕರೆ ಕಡಿದುಹೋಗುತ್ತದೆ. ಯಾವ ನಂಬರ್ ಒತ್ತಬೇಕು? ಬಾಯಿಗೆ ಬಂದ ನಂಬರ್ ಒತ್ತಿದರೆ ಯಾರಿಗೋ ಹೋಗಿ ಅವರು ಪರೇಶಾನ್ ಆಗುತ್ತಾರೆ ಎಂದು ಶಬಾನಾ ಹೆದರಿದಳು. "ಹಂಗಾದ್ರ ಸರ್ ಕಾರ್ಡಿನಾಗಿಂದೇ ಒತ್ತಮು. ಸರ್ ಮನಿಗೇ ಹೋಗ್ತದ, ಏನೂ ಫಿಕರ್ ಇಲ್ಲ" ಎಂದಳು ರೇಣುಕಾ. ನಾನು ಎದುರಿಗಿದ್ದ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದೆ. ಆ ಪುಸ್ತಕಕ್ಕೆ ಮುದ್ರೆ ಆಗಲೇ ಇತ್ತು. ಎರಡನೇ ಸಲ ಒತ್ತಿದೆ.

ಕಾರ್ಡಿನ ಹಿಂದಿದ್ದದ್ದು ನನ್ನ ಹೆಂಡತಿ ಸರೋಜಾಳ ನಂಬರು. ಅವಳು ತೀರಿಹೋಗಿ ಆಗ ಮೂರು ವರ್ಷವಾಗಿತ್ತು. ಈ ಮಕ್ಕಳು ಕಾಲೇಜಿಗೆ ಸೇರಿದ್ದು ಆಮೇಲೆ. ಅವರಿಗೆ ಯಾರೂ ಹೇಳಿರಲಿಲ್ಲ. ಕಾರ್ಡನ್ನು ನಾನು ಬದಲಿಸಿರಲಿಲ್ಲ. ಬದಲಿಸಿ ಯಾರ ನಂಬರ್ ಬರೆಸಬೇಕು ಎಂದು ತೋಚದೆ ಹಾಗೆಯೇ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದೆ. ಆ ನಂಬರ್ ಈಗ ಬೇರೆ ಯಾರಿಗೋ ಹೋಗಿದೆ ಎಂಬುದೂ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ತಡೆದು ಹೇಳುತ್ತೇನೆ. ಅಂದು "ಬೇಡ" ಎಂಬ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆ ನಂಬರ್ ಇನ್ನೊಮ್ಮೆ ರಿಂಗಾಗುವುದನ್ನು ಕೇಳಬೇಕೆಂಬ ಆಸೆ ನನ್ನೊಳಗೆ ಎಲ್ಲೋ ಇತ್ತು.

ಚಿತ್ರೀಕರಣದ ದಿನ ಬೆಳಿಗ್ಗೆಯಿಂದಲೇ ಮೋಡ. ನ್ಯಾಲ್ಕಲ್ಲಿಗೆ ಹೋಗುವ ರಸ್ತೆಯಿಂದ ಒಳಗೆ ಕವಲೊಡೆದ ಹಳ್ಳಿಯ ದಾರಿ, ಎರಡೂ ಕಡೆ ತೊಗರಿ ಹೊಲ, ಒಂದು ಹುಣಸೆಮರ. ರೇಣುಕಾಳ ಅಪ್ಪ ಹಿಂಡನ್ನು ತಂದು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನು ಸಾಯೋರು?" ಎಂದು ಮಗಳನ್ನು ಕೇಳಿದರು. ನಾನು ಬಿಳಿ ಅಂಗಿಯಲ್ಲಿ ರಸ್ತೆಯ ಮೇಲೆ ಅಂಗಾತ ಮಲಗಿದೆ. ಮೊದಲು ಇರುವೆಗಳು ಬಂದವು, ಆಮೇಲೆ ಕುರಿಗಳು. ಕಣ್ಣು ಮುಚ್ಚಿದ್ದರಿಂದ ನನಗೆ ಗೊರಸಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಎದುರಿಗಿದ್ದ ಸಪ್ಪಳ ಎಡಕ್ಕೂ ಬಲಕ್ಕೂ ಸರಿದು, ಉಣ್ಣೆಯ ಬಿಸಿ ವಾಸನೆ ಎರಡೂ ಕೆನ್ನೆಗಳ ಪಕ್ಕದಿಂದ ಹಾದು, ಕಾಲಿನ ಆಚೆಗೆ ಹೋಗಿ ಮತ್ತೆ ಒಂದಾಯಿತು. ಒಂದು ಕುರಿಯೂ ನನ್ನನ್ನು ಮುಟ್ಟಲಿಲ್ಲ. ಮೂರು ವರ್ಷಗಳಿಂದ ಮನುಷ್ಯರೂ ನನ್ನನ್ನು ಹೀಗೆಯೇ ಬಹಳ ಜಾಗ್ರತೆಯಿಂದ ಬದಿಯಿಂದ ದಾಟಿ ಹೋಗುತ್ತಿದ್ದಾರಲ್ಲ ಎನಿಸಿತು. ಎದ್ದೇಳುವ ಮನಸ್ಸೇ ಆಗಲಿಲ್ಲ.

ಆಮೇಲೆ ರೇಣುಕಾ ಬಂದು ಬಗ್ಗಿ ಕಾರ್ಡು ತಿರುಗಿಸಿದಳು. ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ರಿಂಗಾಯಿತು. ನಾಲ್ಕನೇ ರಿಂಗಿಗೆ ಒಂದು ಹೆಣ್ಣು ದನಿ, "ಹಲೋ, ಯಾರ್ರಿ?" ಎಂದಿತು.

"ಇಲ್ಲಿ ನ್ಯಾಲ್ಕಲ್ ರೋಡಿಂದ ಒಳಗ ಹೋಗೋ ಹಳ್ಳಿ ದಾರ್ಯಾಗ, ಹುಣಸಿಗಿಡದ ಬಾಜೂಕ, ಒಬ್ಬರು ಬಿದ್ದಾರ್ರಿ. ಉಸುರಿಲ್ರಿ. ಅವರ ಕಾರ್ಡಿನಾಗ ನಿಮ್ಮ ನಂಬರ್ ಅದರಿ" ಎಂದು ರೇಣುಕಾ ನಡುಗುವ ದನಿಯಲ್ಲಿ ಹೇಳಿದಳು.

"ಏನಂದ್ರಿ? ಯಾರು? ಹೆಂಗಿದ್ದಾರ? ಅಂಗಿ ಯಾವ..."

ಚೌಕದಲ್ಲಿ ಬರೆದಿದ್ದಂತೆ ರೇಣುಕಾ ಕರೆ ಕಡಿದಳು. ಶಬಾನಾ ಕ್ಯಾಮೆರಾ ಇಳಿಸಿ ಕುಣಿದಳು. "ಸರ್, ನಿಮ್ಮ ಮನ್ಯಾಗಿನವ್ರು ಏನು ಛಂದ ಆ್ಯಕ್ಟಿಂಗ್ ಮಾಡಿದ್ರಿ! ಮೊದ್ಲೇ ಹೇಳಿಟ್ಟಿದ್ರೇನು?" ಎಂದು ರೇಣುಕಾ ಕೇಳಿದಳು. ನಾನು "ಹೂಂ" ಎಂದೆ. ಹೆಣವಾಗಿ ಮಾತಾಡಿದ ಮೊದಲ ಮಾತು, ಅದೂ ಸುಳ್ಳು.

ಹತ್ತು ನಿಮಿಷದ ಮೇಲೆ ಆ ಹೆಂಗಸಿನ ಗಾಬರಿಯ ದನಿ ನೆನಪಾಯಿತು. ರೇಣುಕಾಳ ಫೋನು ಇಸಿದುಕೊಂಡು ಮರದ ಹಿಂದೆ ಹೋಗಿ ಅದೇ ನಂಬರಿಗೆ ಮಾಡಿದೆ. ಬಿಜಿ. ಇನ್ನೊಮ್ಮೆ ಮಾಡಿದೆ, ಬಿಜಿ. ಮೂರನೇ ಸಲವೂ ಬಿಜಿ. ಆಕೆ ಇದನ್ನು ರಾಂಗ್ ನಂಬರ್ ಎಂದು ಬಿಟ್ಟು ಬೇರೆ ಯಾರೊಡನೆಯೋ ಮಾತಾಡುತ್ತಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಶಬಾನಾಳ ಮೊಬೈಲಿನ ಬ್ಯಾಟರಿ ಮುಗಿದು, ರೇಣುಕಾಳ ಫೋನೇ ಕ್ಯಾಮೆರಾ ಆಯಿತು. ನಡುವೆ ಕರೆ ಬರಬಾರದೆಂದು ಅದನ್ನು ಫ್ಲೈಟ್ ಮೋಡಿಗೆ ಹಾಕಿದರು.

ಒಂದೂವರೆ ಗಂಟೆ ಕಳೆದಿರಬೇಕು. ಕುರಿಗಳು ಸರಿಯಾಗಿ ಬೇರೆಯಾಗಲಿಲ್ಲವೆಂದು ನನ್ನನ್ನು ಮತ್ತೆ ಮಲಗಿಸಿದ್ದರು. ಆಗ ಒಂದು ಆಟೋ ಬಂದು ನಿಂತ ಸದ್ದಾಯಿತು. ಯಾರೋ ಓಡಿ ಬಂದರು. ಹತ್ತಿರ ಬಂದು ನಿಂತರು. ಏದುಸಿರು ನನ್ನ ಮುಖದ ಮೇಲೆಯೇ ಇತ್ತು. ಆಮೇಲೆ ಆ ಹೆಂಗಸು ಧೊಪ್ಪನೆ ನೆಲಕ್ಕೆ ಕುಳಿತು, "ನಮ್ಮೋರಲ್ಲ! ಯವ್ವಾ, ನಮ್ಮೋರಲ್ಲ!" ಎಂದು ಅಳುತ್ತ ನಗತೊಡಗಿದಳು. ಒಂದು ಗಳಿಗೆಯ ನಂತರ ಆ ನಗು ತಟ್ಟನೆ ನಿಂತಿತು. ಸತ್ತವನ ಮುಂದೆ ನಕ್ಕಿದ್ದಕ್ಕೆ ಅವಳಿಗೇ ನಾಚಿಕೆಯಾಗಿರಬೇಕು. ನಾನು ಒಂದು ಕಣ್ಣು ಕೂದಲೆಳೆಯಷ್ಟು ತೆರೆದೆ. ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಹೊಲಿಗೆಯ ಟೇಪು, ಒಂದೊಂದು ಕಾಲಿಗೆ ಒಂದೊಂದು ಜೋಡಿನ ಚಪ್ಪಲಿ. ತಲೆಯ ಮೇಲೆ ಸೆರಗೆಳೆದುಕೊಂಡು ನನಗೆ ಕೈ ಮುಗಿದು, "ಯಾರ ಮನಿಯವರೋ ಪಾಪ, ತಪ್ಪು ತಿಳೀಬ್ಯಾಡ್ರಿ" ಎಂದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಕುಳಿತು, "ಇಲ್ರಿ ತಾಯಿ" ಎಂದೆ.

ಆಕೆ ಕಿರುಚಿದ ಕಿರುಚಾಟಕ್ಕೆ ಹಿಂಡು ಚೆಲ್ಲಾಪಿಲ್ಲಿಯಾಗಿ ತೊಗರಿ ಹೊಲಕ್ಕೆ ನುಗ್ಗಿತು. ರೇಣುಕಾಳ ಅಪ್ಪ ಅದರ ಹಿಂದೆ ಓಡಿದರು. ಹುಡುಗಿಯರಿಬ್ಬರೂ ತೊದಲುತ್ತ ನಡೆದದ್ದನ್ನು ಹೇಳಿದರು. ವಿಷಯವೆಲ್ಲ ತಿಳಿದ ಮೇಲೆ ಆಕೆ ಅವರಿಗೆ ಒಂದು ಮಾತೂ ಅನ್ನಲಿಲ್ಲ, ನನ್ನ ಕಡೆ ತಿರುಗಿದಳು. "ಇವು ಸಣ್ಣ ಹುಡುಗ್ಯಾರು. ನೀವು ತಲಿ ಬೆಳ್ಳಗಾದೋರು, ನಿಮಗ ತಿಳೀಬಾರದೇನ್ರಿ? ನಾರಾಯಣಖೇಡದಿಂದ ಇಲ್ಲೀ ತನಕ ನಾ ಹೆಂಗ ಬಂದೀನಿ ನನಗೇ ಗೊತ್ತಿಲ್ಲ. ನಮ್ಮೋರು ಲಾರಿ ಹೊಡೀತಾರ್ರಿ. ಮುಂಜಾನೆ ತಾಂಡೂರಿಗಿ ಕಲ್ಲು ತರಾಕ ಹೋಗ್ಯಾರ. ಎಷ್ಟು ಸಲ ಮಾಡಿದ್ರೂ ಫೋನ್ ಬಂದ್!" ಎಂದು ಟೇಪಿನ ತುದಿಯಿಂದಲೇ ಕಣ್ಣು ಒರೆಸಿಕೊಂಡಳು. ತಪ್ಪಾಯಿತು ಎಂದೆ. ಆ ಮಾತು ಬಾಯಿಂದ ಬಿದ್ದ ಕೂಡಲೇ ಎಷ್ಟು ಸಣ್ಣದಾಗಿ ಕಾಣಿಸಿತು ಎಂದರೆ ಎರಡನೇ ಸಲ ಹೇಳಲಾಗಲಿಲ್ಲ.

ಆಗಲೇ ಆಕೆಯ ಫೋನು ಬಡಿದುಕೊಂಡಿತು. ಗಂಡ. ಕಲ್ಲು ತುಂಬುವ ಕಡೆ ಚಾರ್ಜ್ ಮುಗಿದಿತ್ತಂತೆ. ಆಕೆ ಹಲೋ ಕೂಡ ಅನ್ನದೆ, "ಎಲ್ಲಿ ಸತ್ತಿದ್ರಿ ಇಷ್ಟೊತ್ತು?" ಎಂದು ಬೈದಳು, ಬೈಯುತ್ತ ಬೈಯುತ್ತ ಅತ್ತಳು. "ಉಂಡಿರೇನು?" ಎಂದು ಕೇಳಿ ಫೋನಿಟ್ಟಳು. ಶಬಾನಾ ನೀರಿನ ಬಾಟಲಿ ಕೊಟ್ಟಳು. ಕುಡಿದು ಸುಧಾರಿಸಿಕೊಂಡು, "ನಿಮ್ಮ ಕಾರ್ಡಿನಾಗ ನನ್ನ ನಂಬರ್ ಹೆಂಗ ಬಂತರಿ?" ಎಂದಳು.

"ನನ್ನ ಹೆಂಡತಿದಿತ್ತರಿ. ಆಕಿ ಹೋಗಿ ಮೂರು ವರ್ಷ ಆತು" ಎಂದೆ. ರೇಣುಕಾ ತಟ್ಟನೆ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

ಆ ಹೆಂಗಸು ಬಾಟಲಿಯ ಮುಚ್ಚಳ ತಿರುಗಿಸಿ ಶಬಾನಾಳಿಗೆ ವಾಪಸು ಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಈ ಸಿಮ್ ತಗೊಂಡ ಹೊಸದಾಗ ದಿನಾ ಸಂಜಿ ಐದಕ್ಕ ಒಂದು ಫೋನ್ ಬರ್ತಿತ್ತರಿ. ಹಲೋ ಅಂದ್ರ ಮಾತಿಲ್ಲ. ನಮ್ಮೋರು 'ಯಾರವಾ' ಅಂತ ನನ್ನ ಜೋಡಿ ಜಗಳಾ ತೆಗೀತಿದ್ರು. ಎಂಟು ದಿನ ನಮ್ಮ ಮನ್ಯಾಗ ಮಾತಿರಲಿಲ್ಲ. ಅವ ನೀವೇ ಏನ್ರಿ?"

"ಛೇ, ನಾನಲ್ರಿ" ಎಂದೆ.

ನಾನೇ. ಐದಕ್ಕೆ ಲೈಬ್ರರಿಗೆ ಬೀಗ ಹಾಕುವಾಗ "ಬರ್ತಾ ಏನರ ತರ್ಲೇನು?" ಎಂದು ಸರೋಜಾಳಿಗೆ ಫೋನ್ ಮಾಡುವುದು ಹದಿನೈದು ವರ್ಷದ ರೂಢಿ. ಅವಳು ಹೋದ ಮೇಲೂ ಬೆರಳು ಬಿಡಲಿಲ್ಲ. ಮೊದಮೊದಲು ಈ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ಉತ್ತರ ಬರುತ್ತಿತ್ತು. ಒಂದು ದಿನ ರಿಂಗಾಗಿ, ಯಾರೋ ಜೀವಂತ ಹೆಂಗಸು ಹಲೋ ಎಂದಳು. ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಕಿವಿಗೆ ಹಿಡಿದುಕೊಂಡು ನಿಂತೆ. ಮರುದಿನವೂ ಹಾಗೆಯೇ ಆಯಿತು. ಒಮ್ಮೆ ಗಂಡಸಿನ ದನಿ ಬಂದ ಮೇಲೆ ಹೆದರಿ ಬಿಟ್ಟೆ. ನನ್ನ ದುಃಖವನ್ನು ಯಾರಿಗೂ ತೊಂದರೆ ಕೊಡದೆ ಸಂಭಾವಿತನಂತೆ ನುಂಗಿಕೊಂಡಿದ್ದೇನೆ ಎಂದು ನನ್ನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಅದು ನಾರಾಯಣಖೇಡದ ಒಂದು ಮನೆಯಲ್ಲಿ ಎಂಟು ದಿನ ಗಂಡ ಹೆಂಡಿರ ಮಾತು ಬಿಡಿಸಿತ್ತು.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ನಂಬಲಿಲ್ಲ ಎಂಬುದು ಕಣ್ಣಿನಲ್ಲೇ ಗೊತ್ತಾಯಿತು. "ಆತು ಬಿಡ್ರಿ" ಎಂದು ಆಟೋ ಹತ್ತಿದಳು. ಹತ್ತಿ ಕುಳಿತ ಮೇಲೆ ತಲೆ ಹೊರಗೆ ಹಾಕಿ, "ಇನ್ನ ಮ್ಯಾಲ ಅವ ಯಾರರ ನಿಮಗ ಸಿಕ್ಕರ ಹೇಳ್ರಿ. ಫೋನ್ ಮಾಡಿದ್ರ ಬಾಯಿ ಬಿಟ್ಟು ಮಾತಾಡು ಅನ್ರಿ. ಸುಮ್ಮ ಇದ್ರ ಆ ಕಡಿಯವರ ಜೀವ ಹಾರ್ತದ" ಎಂದಳು. ಆಟೋ ಹೋಯಿತು.

ಆ ದಿನದ ಚಿತ್ರೀಕರಣವನ್ನೆಲ್ಲ ಹುಡುಗಿಯರು ಅಳಿಸಿಹಾಕಿದರು. ಒಂದು ವಾರ ಲೈಬ್ರರಿಯ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಹೊಸ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಈಗ ಕುರಿಯಿಲ್ಲ, ಹೆಣವಿಲ್ಲ. ಒಬ್ಬ ಹೆಂಗಸು ಮೆಷಿನ್ ಮುಂದೆ ಕುಳಿತು ಬಟ್ಟೆ ಹೊಲಿಯುತ್ತಿದ್ದಾಳೆ. ಫೋನ್ ಬರುತ್ತದೆ. ಹಲೋ ಎನ್ನುತ್ತಾಳೆ. ಆ ಕಡೆ ಯಾರೂ ಮಾತಾಡುವುದಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಬರುತ್ತದೆ. ಯಾರಿಗೂ ನಿಜವಾಗಿ ಕರೆ ಮಾಡುವುದಿಲ್ಲ ಎಂದು ಶಬಾನಾ ಕಾರ್ಡಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಫೋನ್ ಮಾಡುವವನ ಮುಖ ತೋರಿಸಬಾರದು, ಕಿವಿ ಮತ್ತು ಕೈ ಸಾಕು ಎಂದು ರೇಣುಕಾ ವಿವರಿಸಿದಳು. ಸ್ವಲ್ಪ ಹಿಂಜರಿದು, "ಸರ್, ಆ ಪಾತ್ರಕ್ಕ ನೀವೇ ಬೇಕರಿ" ಎಂದಳು. ಅವಳಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ.

ಲೈಬ್ರರಿಯ ಕಿಟಕಿಯ ಹತ್ತಿರ ನಿಂತು ಫೋನು ಕಿವಿಗೆ ಹಿಡಿದೆ. ಹೀಗೆ ನಿಲ್ಲಿ, ಹಾಗೆ ಹಿಡಿಯಿರಿ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲನೇ ಟೇಕಿಗೇ ಓಕೆ ಆಯಿತು. "ಸರ್, ಇದು ಎಲ್ಲಿ ಕಲ್ತ್ರಿ?" ಎಂದು ಶಬಾನಾ ಬೆರಗಿನಿಂದ ಕೇಳಿದಳು. ಹುಟ್ಟು ಪ್ರತಿಭೆ ಎಂದು ಹೇಳಿ, ಮುದ್ರೆ ಒತ್ತುವ ಕೆಲಸವಿದೆಯೆಂದು ಒಳಗೆ ಹೋದೆ.