ತಿಮ್ಮೇಶನ ಬಕೆಟ್ಟು, ಮಾಯಣ್ಣನ ಮಕ್ಕರಿ

ಮಾಯಣ್ಣನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಎದುರು ಮನೆಗೆ ಬಂದ ಟ್ರ್ಯಾಕ್ಟರ್ ಅಲ್ಲ, ಅದರ ಬೆನ್ನಿಗೇ ಬಂದ ಒಂದು ‘ಅಣ್ಣ’.

ಮಾಯಣ್ಣನ ಹೆಸರಿಗೆ ಅಣ್ಣ ಎನ್ನುವುದು ಹುಟ್ಟುತ್ತಲೇ ಅಂಟಿಕೊಂಡು ಬಂದಿತ್ತು. ಅವನನ್ನು ಬಯ್ಯುವವರೂ ಮಾಯಣ್ಣ ಎಂದೇ ಬಯ್ಯಬೇಕಾಗಿದ್ದರಿಂದ ಅದರಲ್ಲಿ ಮರ್ಯಾದೆ ಎಷ್ಟು, ಬರೀ ಹೆಸರೆಷ್ಟು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರು ಮನೆಯ ತಿಮ್ಮೇಶ ನೋಡಿ, ಇವನಿಗಿಂತ ಹತ್ತಾರು ವರ್ಷ ಚಿಕ್ಕವನು, ಮೊನ್ನೆ ಮೊನ್ನೆಯವರೆಗೂ ಊರಿಗೆಲ್ಲ ‘ಲೇ ತಿಮ್ಮೇಶ’ ಆಗಿದ್ದವನು. ಮುಂದುಗಡೆ ಬಕೆಟ್ಟು ಕೂರಿಸಿದ ಟ್ರ್ಯಾಕ್ಟರನ್ನು ಮನೆ ಮುಂದೆ ತಂದು ನಿಲ್ಲಿಸಿದ ಮರುದಿನದಿಂದಲೇ ‘ತಿಮ್ಮೇಶಣ್ಣ’ ಆಗಿಬಿಟ್ಟ. ಇವನದು ಹುಟ್ಟಿನಿಂದ ಬಂದ ಅಣ್ಣ, ಅವನದು ಸಂಪಾದಿಸಿದ ಅಣ್ಣ. ಮಾಯಣ್ಣನಿಗೆ ತಡೆಯಲಾಗದ್ದು ಇದು.

ದಂಡಿನಶಿವರದಿಂದ ಒಳಗೆ ಹೋದರೆ ಸಿಗುವ ಆ ಸಣ್ಣ ಊರಿನಲ್ಲಿ ಈಗ ಬೆಳಗಾದರೆ ಹಾಲಿನ ಡೇರಿಯ ಮುಂದೆ ಇರುವುದಕ್ಕಿಂತ ಹೆಚ್ಚು ಜನ ತಿಮ್ಮೇಶನ ಗೇಟಿನ ಮುಂದೆ ನಿಂತಿರುತ್ತಿದ್ದರು.

“ತಿಮ್ಮೇಶಣ್ಣಾ, ನಮ್ ತಿಪ್ಪೆ ಗೊಬ್ಬರ ಒಸಿ ತೋಟಕ್ಕೆ ಹೊಡ್ದು ಕೊಡಪ್ಪ.”

“ತಿಮ್ಮೇಶಣ್ಣಾ, ರಾತ್ರಿ ಗಾಳಿಗೆ ಬಿದ್ದ ತೆಂಗಿನ ಮರ ದಾರೀಲೇ ಮಲಗೈತೆ, ಎತ್ತಿ ಬದುವಿಗೆ ಹಾಕ್ಬೇಕಲ್ಲ.”

ಊರೊಳಗಿನವರ ಹತ್ತಿರ ಬಾಡಿಗೆ ಕೇಳುವುದು ಮರ್ಯಾದೆಯಲ್ಲ ಎನ್ನುವುದು ಅಲ್ಲಿ ಮೊದಲಿನಿಂದ ನಡೆದುಬಂದ ಮಾತು. ಕೆಲಸ ಮಾಡಿಸಿಕೊಂಡವರು ಒಂದು ಕ್ಯಾನು ಡೀಸೆಲ್ ತರುತ್ತಾರೆ, ಮುಂದೆ ಯಾವತ್ತಾದರೂ ಕಾಯಿ ಸುಲಿಯುವಾಗ ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದು ಕೈಜೋಡಿಸುತ್ತಾರೆ. ಆ ‘ಯಾವತ್ತಾದರೂ’ ಬಂದದ್ದನ್ನು ಕಂಡವರು ಕಡಿಮೆ. ಮಾಯಣ್ಣನಿಗೆ ಅದೆಲ್ಲ ಬೇಕಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ಆ ಗುಂಪು, ಕೇಳುತ್ತಿದ್ದದ್ದು ಆ ‘ಅಣ್ಣಾ’. ತನ್ನ ಜಗುಲಿಯ ಮೇಲೆ ಕಾಲು ಚಾಚಿ ಬಿಸಿ ಕಾಫಿ ಗುಟುಕರಿಸುತ್ತಾ ಕೂತವನಿಗೆ ಆಚೆಯಿಂದ ಒಂದೊಂದು ‘ತಿಮ್ಮೇಶಣ್ಣಾ’ ಕೇಳಿದಾಗಲೂ ಕಾಫಿಗೆ ಒಂದೊಂದು ಚಿಟಿಕೆ ಖಾರದಪುಡಿ ಬಿದ್ದಂತಾಗುತ್ತಿತ್ತು.

ತಿಮ್ಮೇಶನೂ ಸುಮ್ಮನಿರುವ ಆಸಾಮಿಯಲ್ಲ. ಗಾಡಿ ತೊಳೆಯಲು ಅವನಿಗೆ ಮಾಯಣ್ಣನ ಮನೆಯ ಮುಂದಿನ ಜಾಗವೇ ಬೇಕು. ಆವತ್ತು ಬೆಳಿಗ್ಗೆಯೂ ಬಕೆಟ್ಟಿಗೆ ನೀರು ಹೊಡೆಯುತ್ತಾ ಕೇಳಿದ.

“ಏನ್ ಮಾಯಣ್ಣ, ನೀವೂ ಒಂದ್ ತಗೊಳ್ಳೋದಲ್ವಾ?” ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡು, “ಅಯ್ಯೋ ಬುಡಿ, ಈ ವಯಸ್ಸಲ್ಲಿ ನಿಮಗ್ಯಾಕೆ. ಬಕೆಟ್ ಗಾಡಿ ಸಾಕೋಕೆ ಗುಂಡಿಗೆ ಬೇಕು” ಎಂದ.

ಮಾಯಣ್ಣ ಕಾಫಿ ಲೋಟ ಕುಕ್ಕಿ ಎದ್ದ. “ಗುಂಡಿಗೆ ಯಾರ್ದು ಎಷ್ಟು ದೊಡ್ಡದು ಅಂತ ಸಾಯಂಕಾಲ ನೋಡ್ಲಾ, ತಿಮ್ಮೇಶ!”

ಇದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ತಿಂಗಳಿಂದ ಎಲ್ಲ ಹೊಂದಿಸಿಕೊಂಡು, ಇವತ್ತೇ ತಿಪಟೂರಿಗೆ ಹೋಗಿ ಗಾಡಿ ತರುವುದೆಂದು ಅವನು ನಿಶ್ಚಯ ಮಾಡಿಯಾಗಿತ್ತು. ಯಾವ ಗಾಡಿ ಎನ್ನುವುದಕ್ಕೂ ಅವನ ಹತ್ತಿರ ಪಕ್ಕಾ ಲೆಕ್ಕವಿತ್ತು. ಹಿಂದಿನ ವಾರ ತಿಮ್ಮೇಶ ತನ್ನ ಗಾಡಿಯನ್ನು ತೋಟದ ಬದುವಿನಲ್ಲಿ ಬಿಟ್ಟು ಊಟಕ್ಕೆ ಹೋದಾಗ, ಮಾಯಣ್ಣ ಕಳ್ಳಬೆಕ್ಕಿನಂತೆ ಹೋಗಿ, ಅದರ ಬಕೆಟ್ಟಿಗೆ ತನ್ನ ತೋಟದ ಕಾಯಿಯನ್ನು ಮಕ್ಕರಿಯಲ್ಲಿ ತುಂಬಿ ತುಂಬಿ ಸುರಿದು ನೋಡಿದ್ದ. ಎಂಟು ಮಕ್ಕರಿ ಹಿಡಿದಿತ್ತು. ಹಾಗಾಗಿ ತನ್ನದು ಒಂಬತ್ತಾದರೂ ಹಿಡಿಯಬೇಕು. ಕುದುರೆಶಕ್ತಿ, ಗೇರು, ಮೈಲೇಜು ಎಲ್ಲ ಆಮೇಲೆ.

ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಿಗೆ ಬಂದಳು. “ಎದುರು ಮನೆಯೋನ ಬಕೆಟ್ ಅಳ್ದಿದ್ದಾಯ್ತು. ನಮ್ ಗೇಟ್ ಅಳ್ದ್ರಾ?”

“ಗೇಟ್ ಎಲ್ಲಿಗೆ ಓಡೋಗ್ತದೆ ಕಣೇ? ಬಂದ್ಮೇಲೆ ಅಳುದ್ರಾಯ್ತು ಬುಡು.”

ಲಗೇಜ್ ಆಟೋಗೆ ನಾಲ್ಕಾರು ಚೀಲ ಕಾಯಿ, ಆ ಮಕ್ಕರಿ, ಪೂಜೆಗೊಂದು ಬೂದುಗುಂಬಳ ಏರಿದವು. ಕರೆಯದಿದ್ದರೂ ಅಂಜನಪ್ಪ ಏರಿದ. ಅರಳಗುಪ್ಪೆಯ ಅವನ ಬಾಮೈದನಿಗೆ ಟ್ರ್ಯಾಕ್ಟರ್ ಇತ್ತಾದ್ದರಿಂದ ತನಗೆ ಅದರ ಸಕಲವೂ ಗೊತ್ತು ಎಂಬುದು ಅವನ ನಂಬಿಕೆ. ಅವನ ಹಿಂದೆ ಸಣ್ಣತಿಮ್ಮಯ್ಯ ಏರಿದ. ಅವನಿಗೆ ಟ್ರ್ಯಾಕ್ಟರ್ ಬಗ್ಗೆ ಏನೂ ಗೊತ್ತಿರಲಿಲ್ಲ, ತಿಪಟೂರಿನ ತಟ್ಟೆಇಡ್ಲಿಯ ಬಗ್ಗೆ ಗೊತ್ತಿತ್ತು.

ಬಿ.ಎಚ್. ರಸ್ತೆಯ ಶೋರೂಮಿನ ಮುಂದೆ ಆಟೋ ನಿಂತ ಕೂಡಲೇ ಕಾವಲಿನವನು ಕೈ ಬೀಸಿದ. “ಕಾಯಿ ಮಂಡಿ ಆ ಕಡೆ ಕಣ್ರೀ! ಇಲ್ಲಿ ಇಳಿಸ್ಬ್ಯಾಡಿ!”

“ಮಾರೋಕಲ್ಲಪ್ಪ, ಅಳೆಯೋಕೆ” ಎಂದು ಮಾಯಣ್ಣ ಮಕ್ಕರಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆದ.

ಒಳಗೆ ಸೂರ್ಯಪ್ರಕಾಶ್ ಎಂಬ ಅಚ್ಚುಕಟ್ಟಾದ ಹುಡುಗ ಟೈ ಸರಿಮಾಡಿಕೊಳ್ಳುತ್ತಾ ಎದುರಾದ. “ಬನ್ನಿ ಸರ್. ತೋಟದ ಕೆಲಸಕ್ಕಾ? ಸಾಲಿನಿಂದ ಸಾಲಿಗೆ ಎಷ್ಟು ಅಡಿ ಬಿಟ್ಟಿದ್ದೀರ? ಗರಿ ಎಷ್ಟು ಕೆಳಗೆ ಬಗ್ಗಿವೆ? ಗೇಟ್ ಎಷ್ಟು ಅಗಲ ಇದೆ?”

“ನೀನು ಹೆಣ್ಣು ಕೊಡೋಕೆ ಬಂದಿದೀಯೇನಪ್ಪ, ಮನೆ ವಿಚಾರ ಎಲ್ಲಾ ಕೇಳೋಕೆ? ಗಾಡಿ ತೋರ್ಸು.”

ಸೂರ್ಯಪ್ರಕಾಶ್ ನಗುತ್ತಲೇ ಒಂದು ಮಧ್ಯಮ ಗಾತ್ರದ ಗಾಡಿಯ ಮುಂದೆ ನಿಂತ. “ಇದು ನೋಡಿ ಸರ್. ನಾಲ್ಕೂ ಚಕ್ರ ಎಳೆಯುತ್ತೆ. ಮರದ ಮಧ್ಯೆ ಸಲೀಸಾಗಿ ತಿರುಗುತ್ತೆ. ಪಾತಿ ಕೆಡಲ್ಲ, ನೀರಿನ ಪೈಪ್ ತುಳಿಯಲ್ಲ. ಮುಂದಿನ ಬಕೆಟ್ಟು, ಅಂದ್ರೆ ಲೋಡರ್, ಬೇಕಾದಾಗ ಹಾಕ್ಕೋಬಹುದು, ಬೇಡದಾಗ ಬಿಚ್ಚಿಡಬಹುದು. ತೆಂಗಿನ ತೋಟಕ್ಕೆ ಇದಕ್ಕಿಂತ ದೊಡ್ಡದು ಬೇಡ.”

“ತುಂಬ್ಲಾ ಸಣ್ಣತಿಮ್ಮ” ಎಂದ ಮಾಯಣ್ಣ.

ಅಂಗಳದಲ್ಲಿ ಮಕ್ಕರಿ ಓಡಾಡತೊಡಗಿತು. ಗಾಡಿ ನೋಡಲು ಬಂದಿದ್ದ ಬೇರೆ ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ಸುತ್ತ ನಿಂತರು. ಏಳು ಮಕ್ಕರಿ, ಎಂಟು ಮಕ್ಕರಿ. ಒಂಬತ್ತನೆಯದನ್ನು ಸುರಿಯುತ್ತಲೇ ಕಾಯಿಗಳು ಅಂಚಿನಿಂದ ಉರುಳಿದವು.

“ಎಂಟೇ” ಎಂದು ಮಾಯಣ್ಣ, ಪರೀಕ್ಷೆಯಲ್ಲಿ ಮಗ ಫೇಲಾದ ಅಪ್ಪನಂತೆ ಮುಖ ಮಾಡಿದ.

“ತಿಮ್ಮೇಶಂದು ಎಂಟು ಅಂದ್ರೆ ಗೋಪುರ ಕಟ್ಟಿ ಎಂಟಾ, ಮಟ್ಟಸಕ್ಕೆ ಎಂಟಾ?” ಎಂದು ಅಂಜನಪ್ಪ ತಕರಾರು ತೆಗೆದ. “ನಮ್ ಬಾಮೈದ ಮಟ್ಟಸಾನೇ ಲೆಕ್ಕ ಅಂತಾನೆ.”

“ನಿನ್ ಬಾಮೈದ ಹೊತ್ಕೊಂಡೋಗ್ಲಿ. ದೊಡ್ಡದು ತೋರ್ಸಪ್ಪ. ತಿಮ್ಮೇಶನದಕ್ಕಿಂತ ದೊಡ್ಡದು.”

ಸೂರ್ಯಪ್ರಕಾಶನ ಮುಖ ಅರಳಿತು. “ಓ, ನೀವು ತಿಮ್ಮೇಶಣ್ಣನ ಊರಿನೋರಾ? ಬೆಳಿಗ್ಗೇನೇ ಫೋನ್ ಮಾಡಿದ್ರು ಸರ್. ‘ನಮ್ಮಣ್ಣ ಒಬ್ರು ಬತ್ತಾರೆ, ಬರಿಗೈಲಿ ಮಾತ್ರ ಕಳಿಸ್ಬ್ಯಾಡಿ’ ಅಂದ್ರು.”

ತಿಪಟೂರಿನಲ್ಲೂ ತಿಮ್ಮೇಶಣ್ಣ! ಇಲ್ಲಿಗೂ ಫೋನ್ ಮಾಡಿ ದೊಡ್ಡಸ್ತಿಕೆ ತೋರಿಸಿಕೊಂಡಿದ್ದಾನೆ! ಮಾಯಣ್ಣನ ಕಣ್ಣು ನೇರವಾಗಿ ಅಂಗಳದ ಮೂಲೆಗೆ ಹೋಯಿತು. ಅಲ್ಲಿ ಲೋಡರ್ ಸಮೇತ ಒಂದು ಗಾಡಿ, ಹಿಂಡಿಗೆಲ್ಲ ಹಿರಿಯ ಆನೆಯಂತೆ ನಿಂತಿತ್ತು.

“ಅದು ಕಲ್ಲುಕ್ವಾರಿಯೋರು ತಗೊಳ್ಳೋದು ಸರ್” ಎಂದ ಸೂರ್ಯಪ್ರಕಾಶ್.

“ತುಂಬ್ಲಾ ಸಣ್ಣತಿಮ್ಮ!”

ಹತ್ತು ಮಕ್ಕರಿ ನುಂಗಿತು, ಇನ್ನೂ ಜಾಗವಿತ್ತು. ಕಾಯಿಯೇ ಮುಗಿದುಹೋಯಿತು. ಮಾಯಣ್ಣನಿಗೆ ಆದ ಆನಂದಕ್ಕೆ ಅವನು ಒಂದೇ ನೆಗೆತಕ್ಕೆ ಗಾಡಿ ಏರಿ, ಶೋರೂಮಿನವನು ಬೇಡ ಬೇಡ ಎನ್ನುತ್ತಿರುವಾಗಲೇ ಕೈಗೆ ಸಿಕ್ಕ ಲಿವರ್ ಎಳೆದ. ಬಕೆಟ್ಟು ಮೇಲೇರಿತು. “ನೋಡ್ರಲಾ!” ಎಂದು ಇನ್ನೊಂದು ಎಳೆದ. ಬಕೆಟ್ಟು ಸೊಂಡಿಲು ಬಗ್ಗಿಸಿದಂತೆ ಮುಂದಕ್ಕೆ ಬಾಗಿ, ಹತ್ತು ಮಕ್ಕರಿ ಕಾಯಿಯನ್ನೂ ಅಂಗಳದಿಂದ ರಸ್ತೆಗಿಳಿಯುವ ಇಳಿಜಾರಿಗೆ ಸುರಿಯಿತು.

ಕಾಯಿಗಳು ಸಂತೋಷವಾಗಿ ಬಿ.ಎಚ್. ರಸ್ತೆಗೆ ಇಳಿದವು. ಅರಸೀಕೆರೆಯಿಂದ ಬರುತ್ತಿದ್ದ ಬಸ್ಸು ಕಿರ್ರೆಂದು ನಿಂತಿತು. ಸ್ಕೂಟರಿನವನೊಬ್ಬ ಎರಡೂ ಕಾಲು ಮೇಲೆತ್ತಿಕೊಂಡು ಕಾಯಿಗಳ ಮಧ್ಯೆ ತೇಲಿಹೋದ. ಬಸ್ಸಿನಿಂದ ಇಳಿದ ಹೆಂಗಸೊಬ್ಬರು ಎರಡು ಕಾಯಿ ಸೆರಗಿಗೆ ಹಾಕಿಕೊಂಡು, “ಯಾವ ದೇವ್ರ ಹರಕೆಯಪ್ಪ?” ಎಂದು ಭಕ್ತಿಯಿಂದ ಕೇಳಿದರು.

“ಹೊಟ್ಟೆಕಿಚ್ಚಿನಮ್ಮಂದು ಕಣವ್ವ” ಎಂದ ಅಂಜನಪ್ಪ.

ಅರ್ಧ ಕಾಯಿ ವಾಪಸು ಬಂತು, ಉಳಿದರ್ಧ ಬಸ್ಸು ಹತ್ತಿಕೊಂಡು ಹೋಯಿತು. ಮಾಯಣ್ಣನಿಗೆ ಅದರ ಪರಿವೆ ಇರಲಿಲ್ಲ. ದುಡ್ಡು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಆ ಆನೆಯ ಮೇಲೆಯೇ ಕೂತು ಊರಿನ ದಾರಿ ಹಿಡಿದ.

ಊರು ಸೇರುವಾಗ ಸಂಜೆ ಬಿಸಿಲು ತೆಂಗಿನ ಗರಿಗಳ ಮಧ್ಯೆ ಓರೆಯಾಗಿ ಬೀಳುತ್ತಿತ್ತು. ಮನೆಯ ಮುಂದೆ ರಾಮಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಊರಿಗೆ ಊರೇ ನಿಂತಿತ್ತು. ತನ್ನ ಗೇಟಿನ ಮುಂದೆ ಇಷ್ಟು ಜನ! ಮಾಯಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವಂತಾಯಿತು. ಆರತಿ ಆಯಿತು. ಗಾಡಿ ಗಂಭೀರವಾಗಿ ಗೇಟಿನತ್ತ ತಿರುಗಿ, ಗಂಭೀರವಾಗಿ ನಿಂತುಕೊಂಡಿತು.

ಈ ಕಡೆ ಕಂಬಕ್ಕೆ ಬಕೆಟ್ಟಿನ ಒಂದು ಮೂಲೆ ತಾಗಿತ್ತು, ಆ ಕಡೆ ಕಂಬಕ್ಕೆ ಇನ್ನೊಂದು ಮೂಲೆ.

“ಈಗ ಅಳೀರಿ” ಎಂದಳು ರಾಮಲಕ್ಷ್ಮಮ್ಮ.

ಅಷ್ಟು ಜನರ ಮುಂದೆ ಹಿಂದಕ್ಕೆ ಹೋಗುವುದುಂಟೆ? “ಕಂಬ ಹಳೇದಾಗಿತ್ತು ಕಣೇ, ಕೀಳ್ಬೇಕು ಅಂತಾನೇ ಇದ್ದೆ” ಎನ್ನುತ್ತಾ ಮಾಯಣ್ಣ ಗಾಡಿಯನ್ನು ಮುಂದಕ್ಕೆ ಬಿಟ್ಟ. ಅಪ್ಪನ ಕಾಲದ ಎರಡು ಕಲ್ಲುಕಂಬ ಮತ್ತು ಗೇಟು ಪಟಪಟನೆ ಮಲಗಿದವು. ಹೊಸ ಗಾಡಿ ಮಾಡಿದ ಮೊದಲ ಕೆಲಸ ಅದು.

ಗೇಟು ಬಿದ್ದದ್ದೇ ತಡ, ಜನ ಅಂಗಳಕ್ಕೆ ನುಗ್ಗಿದರು. ಮುಂದಿನ ಬೀದಿಯ ಚೌಡಮ್ಮ ಎಲ್ಲರಿಗಿಂತ ಮುಂದಿದ್ದಳು.

“ಮಾಯಣ್ಣಣ್ಣಾ!”

ಮಾಯಣ್ಣನ ಕಣ್ಣು ತುಂಬಿ ಬಂತು. ಒಂದಕ್ಕೆ ಎರಡು ಅಣ್ಣ! ತಿಮ್ಮೇಶನಿಗೆ ಇದ್ದದ್ದು ಒಂದೇ. “ಹೇಳು ಚೌಡಮ್ಮ.”

“ನಮ್ ತಿಪ್ಪೆ ಐತಲ್ಲಪ್ಪ, ಬೆಳಿಗ್ಗೆ ಕೋಳಿ ಕೂಗೋ ಹೊತ್ಗೆ ಬಂದ್ಬುಡು. ಡೀಸೆಲ್ಲು ಆಮೇಲ್ ನೋಡನ.”

“ಬತ್ತೀನಿ ಬುಡು!”

“ಮಾಯಣ್ಣಣ್ಣಾ, ಅದಾದ್ಮೇಲೆ ನಂದು ಕೆರೆ ಗೋಡು ಮಣ್ಣು” ಎಂದ, ಬೆಳಗಿನಿಂದ ಜೊತೆಗಿದ್ದ ಅಂಜನಪ್ಪ. “ನಂದು ಪಾಯದ ಕಲ್ಲು” ಎಂದ ಸಣ್ಣತಿಮ್ಮಯ್ಯ, ಬಾಯಲ್ಲಿ ಇನ್ನೂ ತಟ್ಟೆಇಡ್ಲಿಯ ಚಟ್ನಿ ವಾಸನೆ ಇಟ್ಟುಕೊಂಡು. ಕಾಯಿ ಸಿಪ್ಪೆಯ ಗುಡ್ಡೆ ಇದ್ದವರು, ಬಿದ್ದ ಮರದವರು, ಮಗಳ ಮದುವೆಯ ಬೀರು ಸಾಗಿಸಬೇಕಾದವರು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಒಂದೊಂದು ‘ಅಣ್ಣಾ’ಗೂ ಮಾಯಣ್ಣ ತಲೆಯಾಡಿಸುತ್ತಾ ಹೋದ. ತಲೆಯಾಡಿಸಿ ಕತ್ತು ನೋಯತೊಡಗಿದಾಗ ಏನೋ ಹೊಳೆದು ಕೇಳಿದ.

“ಅಲ್ರಪ್ಪ, ಇದರಲ್ಲಿ ಅರ್ಧನಾದ್ರೂ ತಿಮ್ಮೇಶ ಮಾಡ್ಬೋದಲ್ಲ?”

“ಅವನ ಗಾಡಿ ಎಲ್ಲೈತೆ?” ಎಂದಳು ಚೌಡಮ್ಮ. “ನೀನು ಆ ಕಡೆಯಿಂದ ಹೊಂಟೆ ಅಂತ ಶೋರೂಮಿಂದ ಫೋನ್ ಬಂತು, ಈ ಕಡೆಯಿಂದ ಅವ್ನು ಕೊಟ್ಬುಟ್ಟ. ದಬ್ಬೇಘಟ್ಟದೋರ್ಯಾರೋ ಬಂದು ಹೊಡ್ಕೊಂಡು ಹೋದ್ರು.”

ಮಾಯಣ್ಣ ಎದುರು ಮನೆಯತ್ತ ತಿರುಗಿದ. ಅಂಗಳ ಖಾಲಿ. ಗೇಟಿನ ಮುಂದೆ ಒಂದು ನಾಯಿಯೂ ಇಲ್ಲ. ತಿಮ್ಮೇಶ ಜಗುಲಿಯ ಮೇಲೆ ಕಾಲು ಚಾಚಿ, ಹೊಗೆಯಾಡುವ ಕಾಫಿ ಲೋಟ ಹಿಡಿದು ಕೂತಿದ್ದ. ಅಲ್ಲಿಂದಲೇ ಕೂಗಿದ.

“ಮನ್ನಿಸ್ಬುಡಿ ಮಾಯಣ್ಣ. ತಗೊಂಡ ಎರಡೇ ತಿಂಗ್ಳಿಂದ ಮಾರ್ಬೇಕು ಅಂತಿದ್ದೆ. ಊರಿಗೆ ಇರೋ ಒಂದು ಬಕೆಟ್ ಗಾಡೀನೂ ಮಾರಿದ್ರೆ ಜನ ಬುಡ್ತಾರಾ? ಇನ್ನೊಂದು ಬರೋಗಂಟ ಕಾಯ್ಬೇಕಿತ್ತು. ಅವತ್ತು ನೀವು ಮಕ್ಕರಿ ತಗೊಂಡು ಅಳೀತಿದ್ರಲ್ಲ, ಬೇಲಿ ಹಿಂದೇನೇ ಇದ್ದೆ. ಅವಾಗ್ಲೇ ನಂಗೆ ಜೀವ ಬಂದಂಗಾಯ್ತು.” ಒಂದು ಗುಟುಕು ಕುಡಿದು ಮುಂದುವರಿಸಿದ. “ಹಂಗೇ, ಚೌಡಮ್ಮಂದು ಮುಗಿದ್ಮೇಲೆ ನಮ್ ಹಿತ್ಲಲ್ಲಿ ಒಸಿ ಗೊಬ್ಬರ ಐತೆ, ಮಾಯಣ್ಣಣ್ಣಾ!”

ಮಾಯಣ್ಣ ಆನೆಯ ಮೇಲೆ ಕೂತು ಎದುರು ಮನೆಯ ಆ ಜಗುಲಿಯನ್ನು, ಆ ಚಾಚಿದ ಕಾಲುಗಳನ್ನು, ಆ ಕಾಫಿಯ ಹೊಗೆಯನ್ನು, ಗಟ್ಟಿಯಾಗಿ ನಿಂತಿದ್ದ ಆ ಗೇಟನ್ನು ನೋಡುತ್ತಲೇ ಇದ್ದ. ಬೆಳಿಗ್ಗೆ ಉರಿಯುತ್ತಿದ್ದ ಜಾಗದಲ್ಲೇ ಹೊಟ್ಟೆ ಮತ್ತೆ ಚುರ್ರೆಂದಿತು. ಬೆಂಕಿ ಆರಿರಲಿಲ್ಲ, ಮಗ್ಗುಲು ಬದಲಿಸಿತ್ತು ಅಷ್ಟೆ.

ಆರಿಹೋದ ಕಾಫಿ ತಂದು ಕೊಡುತ್ತಾ ರಾಮಲಕ್ಷ್ಮಮ್ಮ ಅವನ ನೋಟ ಹೋದ ಕಡೆಗೇ ನೋಡಿದಳು.

“ಮಕ್ಕರಿ ತಂದ್ಕೊಡ್ಲಾ? ಅವ್ನ ಜಗುಲಿ ಎಷ್ಟು ಹಿಡಿತದೆ, ಅದನ್ನೂ ನೋಡ್ಕೊಂಡ್ ಬಂದ್ಬುಡಿ.”