ಕಣ್ಣಂದಾಜಲ್ಲಿ ಮಾವನ ಹಲ್ಲು

ಕೊಳ್ಳೇಗಾಲದಾಗೆ ಹಲ್ಲಿನ ಲ್ಯಾಬ್ ಮಡಗಿರೋನು ನಾನು. ಡಾಕ್ಟ್ರು ಅಳತೆ ಕಳಿಸ್ತಾರೆ, ನಾನು ಹಲ್ಲು ಮಾಡ್ತೀನಿ. ಅದ್ಕೇ ಮಾರ್ಟಳ್ಳಿ ಮಾವನ ಮುಂದಿನ ಮೂರು ಹಲ್ಲು ಬಿದ್ದೋದಾಗ ಎದೆ ತಟ್ಕಂಡು ಅಂದೆ: "ಯೋಚ್ನೆ ಬಿಡಿ ಮಾವ. ನಾದ್ನಿ ನಿಶ್ಚಿತಾರ್ಥದ ದಿನ ಯಳಂದೂರು ಬೀಗರು ನಿಮ್ ನಗು ನೋಡಿ ಬೆರಗಾಗ್ಬೇಕು!"

ಈ ಕೆಲ್ಸ ಇಷ್ಟೇ. ಮೊದ್ಲು ಮೇಣದಲ್ಲಿ ಹಲ್ಲು ಮಾಡಿ ಅಚ್ಚಿನೊಳಗೆ ಹೂಳೋದು. ಕುಲುಮೆಗೆ ಇಟ್ರೆ ಮೇಣ ಉರಿದೋಗಿ ಹಲ್ಲಿನ ಆಕಾರದ ಖಾಲಿ ಜಾಗ ಉಳೀತದೆ. ಅದ್ರೊಳಕ್ಕೆ ಕರಗಿದ ಲೋಹ, ಆಮೇಲೆ ಅದ್ರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಎಷ್ಟು ಲೋಹ? ಮೊದ್ಲೇ ಮೇಣ ತೂಗಿ, ಆ ಲೋಹ ಮೇಣಕ್ಕಿಂತ ಎಷ್ಟು ಪಟ್ಟು ಭಾರನೋ ಅಷ್ಟರಿಂದ ಗುಣಿಸಿ, ಮೇಲೆ ಚೂರು ಸೇರಿಸ್ಬೇಕು. ಅದು ಶಾಸ್ತ್ರ. ನಂದು ಕಣ್ಣಂದಾಜು!

"ರೀ, ತೂಕ ಮಾಡ್ಕಳ್ರೀ" ಅಂದ್ಲು ಮನೆಯೋಳು.

"ನೀನು ಸಾರಿಗೆ ಉಪ್ಪು ತೂಗಿ ಆಕ್ತೀಯೇನೆ?"

"ಸಾರು ಕೆಟ್ರೆ ನೀವೊಬ್ರು ಬೈತೀರಿ. ಅಪ್ಪನ ಹಲ್ಲು ಕೆಟ್ರೆ ಎರಡೂರು ನಗ್ತದೆ."

ಕೆಟ್ಟೋಯ್ತು. ಲೋಹ ಸಾಲ್ಲಿಲ್ಲ. ಅಚ್ಚು ಒಡೆದ್ರೆ ಎರಡು ಹಲ್ಲು ಪೂರ್ತಿ, ಮೂರನೇದು ಅರ್ಧ! ಮೇಣ ಉರಿದೋಗಿತ್ತಲ್ಲ, ಮತ್ತೆ ಶುರುವಿಂದ.

ನಾಳೆ ನಿಶ್ಚಿತಾರ್ಥ ಅನ್ನೋವಾಗ ಬುದ್ಧಿ ಬಂತು. ತೂಗ್ದೆ. ಗುಣಿಸ್ದೆ. ಆದ್ರೆ ಗುಣಿಸಿದ್ದು ನಮ್ ಗುರುಗಳು ಚಿನ್ನದ ಹಲ್ಲಿಗೆ ಏಳ್ಕೊಟ್ಟಿದ್ದ ಲೆಕ್ಕದಾಗೆ! ಚಿನ್ನ ಭಾರ. ಮಾವಂಗೆ ಆಕ್ತಿದ್ದ ಬಿಳೀ ಲೋಹ ಅದ್ರ ಅರ್ಧ ಭಾರಾನೂ ಇಲ್ಲ. ಬೇಕಾದ್ದಕ್ಕಿಂತ ಡಬಲ್ ಸುರಿದಿದ್ದೆ. ಗಿರ್ರನೆ ತಿರುಗಿ ಲೋಹನ ಅಚ್ಚಿಗೆ ಎಸೆಯೋ ಮಿಷನ್ನು ಕಂಡಕಂಡ ಕಡೆ ಉಗಿದು, ಅಂಟ್ಕಂಡು, ಗಕ್ಕನೆ ನಿಂತೋಯ್ತು. ಈ ಸಲ ಅರ್ಧ ಹಲ್ಲೂ ಇಲ್ಲ!

ಬೆಳಗ್ಗೆ ಮಾರ್ಟಳ್ಳಿ ಬಸ್ಸಲ್ಲಿ ಮಾವ ಇಳಿದ್ರು, ಇಸ್ತ್ರಿ ಪಂಚೆ ಉಟ್ಕಂಡು.

"ಮಾಪ್ಳೆ, ಕೈಯಾಗಿರೋದು ನನ್ ಹಲ್ಲಾ?"

"ಇಲ್ಲ ಮಾವ... ಲೋಹದ ಉಂಡೆ."

"ಇದ್ನೇ ಕಚ್ಕಂಡು ಓಗ್ಲಾ?"

ಉಂಡೆ ಜೇಬಿಗೆ ಆಕ್ಕಂಡೆ. ಯಳಂದೂರಲ್ಲಿ ಮಾವ ಇಡೀ ದಿನ ಬಾಯಿಗೆ ಟವಲ್ ಅಡ್ಡ ಇಡ್ಕಂಡೇ ಕೂತಿದ್ರು. ಮಗಳ ಶಾಸ್ತ್ರದಾಗೆ ಒಂದ್ಸಲಾನೂ ನಗ್ಲಿಲ್ಲ.

ಬೀಗರು ಕೇಳಿದ್ರು: "ದೊಡ್ಡಳಿಯಂದ್ರು ಏನ್ ಮಾಡ್ಕಂಡವ್ರೆ?"

ಮಾವ ನನ್ನ ನೋಡಿದ್ರು. ಟವಲ್ ಒಳಗಿಂದಾನೇ ಅಂದ್ರು: "ವೆಲ್ಡಿಂಗು."

ಮನೆಯೋಳು ತಿದ್ದಲೂ ಇಲ್ಲ!

ನಿನ್ನೆ ಬೀಗರ ಫೋನು. "ಗೇಟು ಮುರಿದೋಗದೆ ಕಣ್ರಿ. ಎಷ್ಟು ಕಬ್ಬಿಣ ಬೇಕಾಯ್ತದೆ?"

"ಒಂದಂದಾಜು..." ಅಂತ ಬಾಯಿ ಬಿಟ್ಟೆ.

ಮನೆಯೋಳು ಫೋನ್ ಕಿತ್ಕಂಡ್ಲು.